ಬಾಲ್ಕನಿ ಬೇಕಾ, ಕಿಟಕಿ ಸಾಕಾ?

ಈಗೀಗ ನೆಂಟರ ಮನೆಗೆ ಹೋದರೆ ಸೈಟಿನ ರೇಟು, ಮಕ್ಕಳ ಸಿಇಟಿ ಸೀಟು, ಮಂಡಿನೋವು ಇವುಗಳ ಜೊತೆ ಹೊಸದೊಂದು ವಿಷಯ ಸೇರಿಕೊಂಡಿದೆ. ಕ್ರೂಸು! ಹಡಗಿನ ಪ್ರವಾಸ. ಅಮೆರಿಕದಲ್ಲಿರುವ ಮಗ ಅಪ್ಪ ಅಮ್ಮನನ್ನು ಕರೆಸಿಕೊಂಡರೆ ಮೊದಲು ನಯಾಗರಾ ತೋರಿಸಿ ಕಳಿಸುತ್ತಿದ್ದ. ಈಗ ಮಯಾಮಿಗೆ ಕರಕೊಂಡು ಹೋಗಿ ಹಡಗು ಹತ್ತಿಸುತ್ತಾನೆ. ಇಲ್ಲೇ ಇರುವವರು ಮುಂಬೈಗೆ ಹೋಗಿ ಕಾರ್ಡೆಲಿಯಾ ಹತ್ತುತ್ತಾರೆ. ಹತ್ತಲಿ ಬಿಡಿ, ಸಂತೋಷ. ಸಮುದ್ರ ಯಾರಪ್ಪನ ಮನೆಯ ಗಂಟೂ ಅಲ್ಲ. ನನ್ನ ತಕರಾರು ಇರುವುದು ಹಡಗಿನ ಬಗ್ಗೆ ಅಲ್ಲ. ಹತ್ತುವುದಕ್ಕೆ ಮೂರು ತಿಂಗಳು ಮುಂಚೆಯೇ ಶುರುವಾಗುವ ಆ ಚರ್ಚೆ ಇದೆಯಲ್ಲ, ಅದರ ಬಗ್ಗೆ.

ಇಂಟೀರಿಯರ್ ಕ್ಯಾಬಿನ್ ತಗೊಳ್ಳೋದಾ, ಓಷನ್ ವ್ಯೂ ಸಾಕಾ, ಬಾಲ್ಕನಿ ಇರಲೇಬೇಕಾ, ಇಲ್ಲಾ ಸ್ವೀಟಿಗೇ ಹೋಗಿಬಿಡೋದಾ? (ಸ್ವೀಟು ಅಂದರೆ ಸಿಹಿ ಅಲ್ಲ, ದೊಡ್ಡ ರೂಮು. ನಾನೂ ಮೊದಲು ಮೈಸೂರು ಪಾಕು ಅಂದುಕೊಂಡಿದ್ದೆ.) ಊಟ ಟಿಕೆಟ್ಟಿನಲ್ಲೇ ಸೇರಿದೆಯಂತೆ, ಆದರೆ ಒಳ್ಳೆ ಊಟಕ್ಕೆ ಬೇರೆ ಕೊಡಬೇಕಂತೆ. ಡ್ರಿಂಕ್ಸ್ ಪ್ಯಾಕೇಜು ಬೇರೆ. ವೈಫೈ ಬೇರೆ. ಮೇಲಿನ ಕ್ಲಾಸಿನವರಿಗೆ ಊಟದ ಹಾಲೇ ಬೇರೆ. ಇದಕ್ಕೆಲ್ಲ ಒಂದು ಎಕ್ಸೆಲ್ ಶೀಟು, ಅದಕ್ಕೆ ಹಳದಿ ಹಸಿರು ಬಣ್ಣ. ಅಷ್ಟೆಲ್ಲ ಕೇಳಿದ ಮೇಲೆ ನೀವು "ಅಂದ ಹಾಗೆ ಹಡಗು ಎಲ್ಲಿಗೆ ಹೋಗುತ್ತೆ?" ಅಂತ ಒಮ್ಮೆ ಕೇಳಿ ನೋಡಿ. ತಲೆ ಕೆರೆದುಕೊಂಡು ಮೊಬೈಲು ತೆಗೆಯುತ್ತಾರೆ!

ಉತ್ಪ್ರೇಕ್ಷೆ ಅನ್ನಬೇಡಿ. 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ 'ಐಕಾನ್ ಆಫ್ ದಿ ಸೀಸ್' ಅನ್ನೋ ಹಡಗಿಗೆ 20 ಮಹಡಿ, ತುಂಬಿದರೆ 7,600 ಪ್ರಯಾಣಿಕರು. ಕೋಣೆಗಳಲ್ಲಿ 28 ಬಗೆ. ಕೆಳಗಿನ ಬಗೆಯ ಕೋಣೆಗೆ ಕಿಟಕಿಯೇ ಇಲ್ಲ. ನಡು ಸಮುದ್ರದಲ್ಲಿದ್ದೂ ಸಮುದ್ರ ಕಾಣುವುದಿಲ್ಲ. ಇನ್ನು ಕೆಲವಕ್ಕೆ ಬಾಲ್ಕನಿ ಇದೆ, ಆದರೆ ಅದು ತೆರೆದುಕೊಳ್ಳುವುದು ಹಡಗಿನ ಹೊಟ್ಟೆಯೊಳಗಿನ ಪಾರ್ಕಿನ ಕಡೆಗೆ. ಎಂಎಸ್‌ಸಿ, ನಾರ್ವೇಜಿಯನ್ ಕಂಪನಿಗಳ ದೊಡ್ಡ ಹಡಗುಗಳಲ್ಲಂತೂ ಹಡಗಿನೊಳಗೇ ಇನ್ನೊಂದು ಹಡಗು! ಅದಕ್ಕೆ ಬೇರೆ ಬಾಗಿಲು, ಬೇರೆ ಈಜುಕೊಳ, ಬೇರೆ ಹೋಟೆಲು. ಒಳಗಿರುವವರು ಹೊರಗಿನವರನ್ನು ನೋಡಬೇಕಾಗಿಲ್ಲ. ಇನ್ನು ನಮ್ಮ ಕಾರ್ಡೆಲಿಯಾ 2021ರಲ್ಲಿ ಮುಂಬೈಯಿಂದ ಶುರುವಾದಾಗ 'ಹೊಸ ಹಡಗು' ಅಂತ ಎಷ್ಟು ಜನ ಕುಣಿದರು ಗೊತ್ತಲ್ಲ. ಆ 'ಎಂಪ್ರೆಸ್' 1990ರಲ್ಲಿ ನೀರಿಗಿಳಿದ ಹಡಗು, ಅಮೆರಿಕದ ಕಂಪನಿಯೊಂದು ಓಡಿಸಿ ಬಿಟ್ಟದ್ದು. ಹೊಸದಾಗಿದ್ದದ್ದು ಹೆಸರು, ಬಣ್ಣ, ಮತ್ತೆ ಈ ಕ್ಲಾಸುಗಳ ಪಟ್ಟಿ.

ಈಗ ನನ್ನ ವಾದ ಕೇಳಿ. ಮೇಲಿನ ಕ್ಲಾಸಿಗೆ ದುಡ್ಡು ಕೊಟ್ಟಾಗ ನೀವು ಕೊಳ್ಳುವುದು ಬಾಲ್ಕನಿಯೂ ಅಲ್ಲ, ಊಟವೂ ಅಲ್ಲ. ಕೆಳಗಿನ ಕ್ಲಾಸಿನಲ್ಲಿ ಇಲ್ಲದಿರುವುದನ್ನು ಕೊಳ್ಳುತ್ತೀರಿ. ಹಾಗಾಗಿ ಮೇಲಿನದು ಮಾರಾಟವಾಗಬೇಕಾದರೆ ಕೆಳಗಿನದು ಸ್ವಲ್ಪ ಕೆಟ್ಟದಾಗಿಯೇ ಇರಬೇಕು. ಇದು ನಾನು ಕಂಡುಹಿಡಿದದ್ದಲ್ಲ. ಜೂಲ್ಸ್ ದ್ಯೂಪುಯಿ ಅಂತ ಫ್ರಾನ್ಸಿನ ಒಬ್ಬ ಇಂಜಿನಿಯರು 1849ರಲ್ಲೇ ಬರೆದಿಟ್ಟಿದ್ದಾನೆ. ಆಗ ಅಲ್ಲಿ ಮೂರನೇ ದರ್ಜೆಯ ರೈಲು ಡಬ್ಬಿಗೆ ಮಾಡು ಇರಲಿಲ್ಲವಂತೆ. ಮಳೆ ಬಂದರೆ ನೆನೆಯಬೇಕು, ಕೂರಲು ಬರಿ ಹಲಗೆ. ಮಾಡು ಹಾಕಲು ಕಂಪನಿಗೆ ದುಡ್ಡಿಲ್ಲ ಅಂತಲ್ಲ, ಬಡವರ ಮೇಲೆ ಸಿಟ್ಟೂ ಅಲ್ಲ. ಎರಡನೇ ದರ್ಜೆಗೆ ದುಡ್ಡು ಕೊಡಬಲ್ಲವನು ಮಳೆಗೆ ಹೆದರಿ ಮೂರನೆಯದಕ್ಕೆ ಇಳಿಯದಿರಲಿ ಅಂತ! ಬಡವನನ್ನು ನೆನೆಸಿದ್ದು ಮಧ್ಯಮ ವರ್ಗದವನನ್ನು ಹೆದರಿಸುವುದಕ್ಕೆ. ಕಿಟಕಿಯಿಲ್ಲದ ಕ್ಯಾಬಿನ್ನಿನ ಫೋಟೋ ನೋಡಿ ನಿಮ್ಮ ಭಾವ "ಅಯ್ಯೋ ಉಸಿರು ಕಟ್ಟುತ್ತೆ, ಬಾಲ್ಕನಿಗೇ ಮಾಡು" ಅಂದರಲ್ಲ, ಅವರೂ ಅದೇ ಮಳೆಗೆ ಹೆದರಿದ್ದು.

"ಸರಿ ಮಾರಾಯ, ಅದು ಮಯಾಮಿ ಕಥೆ. ನಮ್ಮ ಗುಂಡ್ಲುಪೇಟೆಗೆ ಸಮುದ್ರವೂ ಇಲ್ಲ, ರೈಲೂ ಇಲ್ಲ, ನಿನಗ್ಯಾಕೆ ಉಸಾಬರಿ" ಅಂತೀರಾ? ಹೇಳ್ತೀನಿ. ಈ ಹಡಗಿನ ಬುದ್ಧಿ ನಮ್ಮ ಕಾಡಿನವರೆಗೂ ಬಂದಾಗಿದೆ.

ಗೋಲ್ಡನ್ ಚಾರಿಯಟ್ ಗೊತ್ತಲ್ಲ, ಹಂಪಿಯ ಕಲ್ಲಿನ ರಥದ ಹೆಸರಿಟ್ಟುಕೊಂಡ ರೈಲು. ನಮ್ಮ ರಾಜ್ಯದ ಪ್ರವಾಸೋದ್ಯಮ ನಿಗಮ 2008ರಲ್ಲಿ ಶುರು ಮಾಡಿದ್ದು. ನೆಲದ ಮೇಲೆ ಓಡುವ ಕ್ರೂಸು ಅಂದರೆ ಇದೇ. ಡಬ್ಬಿಗಳಿಗೆ ಕದಂಬ, ಗಂಗ, ಹೊಯ್ಸಳ, ರಾಷ್ಟ್ರಕೂಟ ಅಂತ ಹೆಸರು. ಊಟದ ಡಬ್ಬಿಗಳಿಗೆ 'ನಳ' ಮತ್ತು 'ರುಚಿ', ಬಾರಿಗೆ 'ಮದಿರಾ'. ಎಂಥಾ ಕನ್ನಡಾಭಿಮಾನ ನೋಡಿ! ಅದರಲ್ಲೂ ನಳನ ಹೆಸರು ಇಟ್ಟವರಿಗೆ ಕೈ ಮುಗೀಬೇಕು. ನಳ ಅಡುಗೆ ಮಾಡಿದ್ದು ರಾಜನಾಗಿ ಅಲ್ಲ ಸ್ವಾಮಿ, ರಾಜ್ಯ ಕಳಕೊಂಡು, ರೂಪ ಕಳಕೊಂಡು, ಋತುಪರ್ಣನ ಮನೆಯಲ್ಲಿ ಬಾಹುಕ ಅನ್ನೋ ಸಾರಥಿಯಾಗಿ ಇದ್ದಾಗ. ಅವನು ಈಗ ಬಂದರೆ ಅವನ ಹೆಸರಿನ ಡಬ್ಬಿಗೆ ಹತ್ತಿಸಿಕೊಳ್ಳುತ್ತಿರಲಿಲ್ಲ. 2019ರಲ್ಲಿ ಈ ರೈಲನ್ನು ಐಆರ್‌ಸಿಟಿಸಿಗೆ ವಹಿಸಿದರು, 2024ರ ಡಿಸೆಂಬರಿನಲ್ಲಿ ಮತ್ತೆ ಹೊರಟಿತು. ಐದು ರಾತ್ರಿಯ 'ಪ್ರೈಡ್ ಆಫ್ ಕರ್ನಾಟಕ'ದ ಡಿಲಕ್ಸ್ ಕ್ಯಾಬಿನ್ನಿಗೆ ಆಗ ಹೇಳಿದ ದರ 4,00,530 ರೂಪಾಯಿ, ಮೇಲೆ ಶೇಕಡ 5 ಜಿಎಸ್‌ಟಿ. ಆ ಪಟ್ಟಿಯಲ್ಲಿ ಬಂಡೀಪುರವೂ ಇದೆ. ನಾಲ್ಕು ಲಕ್ಷ ಕೊಟ್ಟು ಬಂದವರು ನೋಡುವ ಜಿಂಕೆಯನ್ನೇ ಹಂಗಳದ ಹುಡುಗರು ಸೈಕಲ್ ನಿಲ್ಲಿಸಿ ನೋಡುತ್ತಾರೆ. ಜಿಂಕೆ ಎರಡೂ ಕಡೆಗೆ ಒಂದೇ ಥರ ಕಿವಿ ನಿಮಿರಿಸುತ್ತೆ.

ಬಂಡೀಪುರದೊಳಗಿನ ಕಥೆಯೂ ಬೇರೆಯಲ್ಲ. ಸಾಮಾನ್ಯ ಜನಕ್ಕೆ ಅರಣ್ಯ ಇಲಾಖೆಯ ಬಸ್ಸು. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್‌ನಲ್ಲಿ ರೂಮು ಮಾಡಿದವರಿಗೆ ಊಟ, ಜೀಪು ಎಲ್ಲ ಸೇರಿದ ಪ್ಯಾಕೇಜು. 2025ರ ನವೆಂಬರಿನಲ್ಲಿ ಹುಲಿ ದಾಳಿಗೆ ಮೈಸೂರು ಜಿಲ್ಲೆಯಲ್ಲಿ ಜನ ಸತ್ತಾಗ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿದರು. ಆಗ ಕಾಡಂಚಿನ ರೈತರ ಸಿಟ್ಟು ಸಫಾರಿಯ ಮೇಲೆ, ರೆಸಾರ್ಟಿನ ಮೇಲೆ ಯಾಕೆ ತಿರುಗಿತು ಅಂತ ಬೆಂಗಳೂರಿನ ನನ್ನ ಗೆಳೆಯರಿಗೆ ಅರ್ಥವೇ ಆಗಲಿಲ್ಲ. ಹೊಲಕ್ಕೆ ಆನೆ ಬಂದರೆ ರಾತ್ರಿಯಿಡೀ ಅಟ್ಟಣೆ ಮೇಲೆ ಕೂರುವವನಿಗೆ, ಅದೇ ಆನೆ ನೋಡಲು ಯಾವ ಕಾಟೇಜು ಆರಿಸಲಿ ಅಂತ ಒದ್ದಾಡುವವನನ್ನು ಕಂಡರೆ ಏನನ್ನಿಸಬೇಕು, ನೀವೇ ಹೇಳಿ.

ಇಷ್ಟೆಲ್ಲದರ ನಡುವೆ ಒಂದೇ ಒಂದು ಜಾಗ ಈ ರೋಗದಿಂದ ತಪ್ಪಿಸಿಕೊಂಡಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ.

ಹೋಗದವರಿಗೆ ಹೇಳ್ತೀನಿ. ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹಂಗಳದ ಹತ್ತಿರ ಬಲಕ್ಕೆ ತಿರುಗಬೇಕು. ಮಳೆಗಾಲದಲ್ಲಾದರೆ ಅಕ್ಕಪಕ್ಕ ಚೆಂಡು ಹೂವು, ಸೂರ್ಯಕಾಂತಿ. ಬೆಟ್ಟದ ಬುಡದಲ್ಲಿ ಅರಣ್ಯ ಇಲಾಖೆಯ ಗೇಟು. ನಿಮ್ಮ ಕಾರು ಎಷ್ಟೇ ಲಕ್ಷದ್ದಾಗಿರಲಿ, ಅಲ್ಲೇ ನಿಲ್ಲುತ್ತೆ. ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ಸಾಲಿನಲ್ಲಿ ನಿಲ್ಲಬೇಕು, ಹತ್ತಬೇಕು, ಸಿಕ್ಕಲ್ಲಿ ಕೂರಬೇಕು. ಸಂಜೆಯೊಳಗೆ ಎಲ್ಲರೂ ಇಳಿದುಬಿಡಬೇಕು. ಮುಂದಿನ ಸೀಟಿನಲ್ಲಿ ಹರಕೆ ಹೊತ್ತ ಅಜ್ಜಿ, ಪಕ್ಕದಲ್ಲಿ ವಯನಾಡಿನಿಂದ ಬಂದ ಕಾಲೇಜು ಹುಡುಗರು, ಹಿಂದೆ ಹೊಸದಾಗಿ ಮದುವೆಯಾದ ಜೋಡಿ, ಅವರ ತಲೆಯ ಮೇಲೆ ಯಾರದೋ ಹೂವಿನ ಬುಟ್ಟಿ. ತಿರುವಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ. ಆನೆ ಕಂಡರೆ ಇಡೀ ಬಸ್ಸೇ ಎದ್ದು ನಿಲ್ಲುತ್ತೆ, ಕಂಡಕ್ಟರ್ ಕೂಗಿ ಕೂರಿಸುತ್ತಾನೆ. ಮೇಲೆ 1,454 ಮೀಟರ್ ಎತ್ತರದಲ್ಲಿ ಇಳಿದರೆ ಮಂಜು. ಪಕ್ಕದವರ ಮುಖ ಕಾಣಿಸಲ್ಲ. ಹೊಯ್ಸಳ ಬಲ್ಲಾಳ 1315ರ ಸುಮಾರಿಗೆ ಕಟ್ಟಿಸಿದ ಅನ್ನುವ ಗುಡಿ, ಒಳಗೆ ಕೊಳಲು ಹಿಡಿದ ವೇಣುಗೋಪಾಲ. (ರೈಲಿನ 'ಹೊಯ್ಸಳ' ಡಬ್ಬಿಯ ದರಕ್ಕೂ ಇದಕ್ಕೂ ಹೋಲಿಕೆ ನಾನು ಮಾಡಲ್ಲ, ನೀವು ಮಾಡಿಕೊಳ್ಳಿ.) 1941ರಲ್ಲಿ ಮೈಸೂರು ಸಂಸ್ಥಾನ ಇಲ್ಲಿನ ಕಾಡನ್ನು ವನ್ಯಮೃಗ ಉದ್ಯಾನ ಅಂತ ಘೋಷಿಸಿದಾಗ ಈ ದೇವರ ಹೆಸರನ್ನೇ ಇಟ್ಟಿತ್ತು. ಬಂಡೀಪುರ ಹುಲಿ ಯೋಜನೆಗೆ ಸೇರಿದ್ದು 1973ರಲ್ಲಿ. ಅಂದರೆ ನೀವು ಬಸ್ಸಿನಲ್ಲಿ ಹೋಗುವುದು ಹುಲಿಯ ಮನೆಯೊಳಗೆ.

ಬೆಟ್ಟದ ಮೇಲೆ ಹಂಸತೀರ್ಥ ಅಂತ ಇದೆ. ಅದರಲ್ಲಿ ಮುಳುಗೆದ್ದ ಕಾಗೆ ಹಂಸವಾಯಿತು, ಹಾಗಾಗಿ ಈ ಬೆಟ್ಟದಲ್ಲಿ ಕಾಗೆಯೇ ಇಲ್ಲ ಅಂತ ಕಥೆ. ಕಂಪನಿಯವರು ಇದನ್ನು ಫ್ರೀ ಅಪ್‌ಗ್ರೇಡ್ ಅಂತಾರೇನೋ! ಆದರೆ ಕಥೆಯಲ್ಲಿ ಎಲ್ಲ ಕಾಗೆಗೂ ಅದು ಸಿಗುತ್ತೆ ನೋಡಿ. ಒಂದಿಷ್ಟು ಕಾಗೆಗಳನ್ನು ದಡದಲ್ಲೇ ನಿಲ್ಲಿಸಿಕೊಂಡಿದ್ದರೆ ಹಂಸವಾಗುವುದಕ್ಕೆ ಏನು ಬೆಲೆ?

ಇಂಥಾ ಜಾಗದಲ್ಲಿ, ಬುಡದ ಸಾಲಿನಲ್ಲಿ ನಿಂತಾಗ ಪ್ರತಿ ಸಲವೂ ಒಂದು ಮಾತು ಕಿವಿಗೆ ಬೀಳುತ್ತೆ. "ಐನೂರೋ ಸಾವಿರವೋ ಜಾಸ್ತಿ ತಗೊಂಡು ಕಾರು ಬಿಡಬಾರದಾ? ಬೇಕಾದೋರು ಕೊಡ್ತಾರೆ, ಸರ್ಕಾರಕ್ಕೂ ಆದಾಯ." ಇನ್ನೊಬ್ಬರು, "ಒಂದು ಎಸಿ ಜೀಪಾದ್ರೂ ಇಡಬಹುದಿತ್ತು, ಮೇಲೆ ಒಂದು ಒಳ್ಳೆ ಕೆಫೆ." ಕೇಳಲು ಎಷ್ಟು ಸಾಧುವಾಗಿದೆ ಅಲ್ವಾ? ಯಾರಿಗೂ ನಷ್ಟವಿಲ್ಲ ಅನ್ನಿಸುತ್ತೆ. ಇದನ್ನೇ ನಾನು ವಿರೋಧಿಸುವುದು.

ಯಾಕೆಂದರೆ ಜೀಪು ಬಂದ ದಿನ ಬಸ್ಸಿನ ಕಥೆ ಮುಗಿಯಿತು. ಇವತ್ತು ಸಾಲಿನಲ್ಲಿ ಡಾಕ್ಟರೂ ಇದ್ದಾರೆ, ಪತ್ರಕರ್ತರೂ ಇದ್ದಾರೆ, ತಾಲ್ಲೂಕು ಆಫೀಸಿನವರ ಮನೆಯವರೂ ಇದ್ದಾರೆ. ಬಸ್ಸು ಒಂದು ಗಂಟೆ ಬಾರದಿದ್ದರೆ ಫೋನು ಮಾಡುವ, ಪತ್ರಿಕೆಗೆ ಬರೆಯುವ ಜನ ಅವರೇ. ಅವರು ಜೀಪಿಗೆ ಹೋದ ಮೇಲೆ ಸಾಲಿನಲ್ಲಿ ಉಳಿಯುವವರು ಅಜ್ಜಿ ಮತ್ತು ಬುಟ್ಟಿ. ಅವರ ಫೋನು ಯಾರು ಎತ್ತುತ್ತಾರೆ? ಆಮೇಲೆ ಜೀಪು ತುಂಬಬೇಕಾದರೆ ಬಸ್ಸು ಸ್ವಲ್ಪ ತಡವಾದರೇ ಒಳ್ಳೆಯದು ಅಂತ ಯಾರಿಗಾದರೂ ಅನ್ನಿಸದೆ ಇರುತ್ತಾ? ಫ್ರಾನ್ಸಿನ ಆ ಮಾಡಿಲ್ಲದ ಡಬ್ಬಿ ನಮ್ಮ ಬೆಟ್ಟದ ಬುಡಕ್ಕೇ ಬಂದು ನಿಲ್ಲುತ್ತೆ. ಕಾಡಿನ ವಿಷಯಕ್ಕೆ ಬಂದರೆ ಇನ್ನೂ ಸುಲಭ. ಒಂದು ಬಸ್ಸಿನಲ್ಲಿ ಹೋಗುವ ಜನಕ್ಕೆ ಹತ್ತು ಹದಿನೈದು ಕಾರು ಬೇಕು. ಆ ಕಿರಿದಾದ ರಸ್ತೆಯಲ್ಲಿ ಆನೆ ಅಡ್ಡ ಬಂದರೆ ಹದಿನೈದು ಕಾರು ರಿವರ್ಸ್ ಹೋಗುವ ಚಂದ ನೋಡಬೇಕು! ದುಡ್ಡು ಕೊಟ್ಟವರಿಗೆ ಬೆಟ್ಟ ಬೇರೆ ಥರ ತೆರೆದುಕೊಂಡರೆ ಏನಾಗುತ್ತೆ ಅನ್ನುವುದರ ಒಂದು ಚೂರು 2025ರ ಏಪ್ರಿಲ್‌ನಲ್ಲೇ ಕಂಡಿದ್ದೇವೆ, ಮಲಯಾಳಂ ಸಿನಿಮಾವೊಂದರ ಶೂಟಿಂಗಿಗೆ ಇಲ್ಲಿ ಅನುಮತಿ ಕೊಟ್ಟು ಗಲಾಟೆಯಾದಾಗ.

"ವಯಸ್ಸಾದವರು ಏನು ಮಾಡಬೇಕು? ನಮ್ಮಮ್ಮನಿಗೆ ಮಂಡಿ ಬಗ್ಗಲ್ಲ" ಅನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಮಂಡಿನೋವು ಐನೂರು ರೂಪಾಯಿ ಇದ್ದವರಿಗೆ ಮಾತ್ರ ಬರುತ್ತಾ? ಮುಂದಿನ ನಾಲ್ಕು ಸೀಟು ವಯಸ್ಸಾದವರಿಗೆ ಅಂತ ಬಿಡಿ, ಹತ್ತಲು ತಗ್ಗಿನ ಮೆಟ್ಟಿಲು ಇಡಿ, ಅವರನ್ನು ಸಾಲಿನಲ್ಲಿ ನಿಲ್ಲಿಸಬೇಡಿ. ಕಷ್ಟ ನೋಡಿ ಸೀಟು ಕೊಡುವುದು ಬೇರೆ, ಕಾಸು ನೋಡಿ ಕೊಡುವುದು ಬೇರೆ. ನಮ್ಮದೇ ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಇದೆ. ಗೇಟು ಬಿದ್ದರೆ ಬೆಂಜೂ ನಿಲ್ಲುತ್ತೆ, ಟೊಮೆಟೊ ಲಾರಿಯೂ ನಿಲ್ಲುತ್ತೆ. ಆಂಬುಲೆನ್ಸಿಗೆ ಬಿಡುತ್ತಾರೆ. ಇದರಲ್ಲಿ ಯಾರಿಗೆ ಏನು ಅರ್ಥವಾಗದೆ ಹೋಯಿತು?

ಇನ್ನೊಂದು ವಾದ, "ಸೌಕರ್ಯ ಬಯಸುವುದೇ ತಪ್ಪಾ?" ಅಂತ. ಖಂಡಿತ ಅಲ್ಲ. ಮೂರನೇ ದರ್ಜೆಯ ರೈಲಿನ ಅವಸ್ಥೆಯ ಬಗ್ಗೆ ಗಾಂಧೀಜಿ 1917ರಲ್ಲೇ ಬರೆದಿದ್ದರು. ಆ ದರ್ಜೆ ಹೋಗಿದ್ದು 1974ರಲ್ಲಿ. ಆದರೂ ಎರಡನೇ ದರ್ಜೆಯ ಸ್ಲೀಪರಿನಲ್ಲಿ ಮಲಗಲು ಮರದ ಹಲಗೆಯೇ ಇತ್ತು. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ ಆ ಹಲಗೆಗೆ ಫೋಮಿನ ಮೆತ್ತೆ ಹಾಕಿಸಿದರು. ಇವತ್ತು ಮೈಸೂರಿನಿಂದ ರಾತ್ರಿ ರೈಲು ಹತ್ತಿ ಬೆನ್ನು ನೋಯದೆ ಇಳಿಯುವ ಕೂಲಿಯವನಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ. ಗೋಲ್ಡನ್ ಚಾರಿಯಟ್ಟಿನ ಬಗ್ಗೆ ಬಂದಷ್ಟು ಬಣ್ಣದ ಫೋಟೋ ಆ ಮೆತ್ತೆಯ ಬಗ್ಗೆ ಬಂದದ್ದನ್ನು ನಾನಂತೂ ನೋಡಿಲ್ಲ.

ಹಾಗಾಗಿ ಪ್ರವಾಸೋದ್ಯಮ ಅಭಿವೃದ್ಧಿ ಅಂತ ಫೈಲು ಹಿಡಿದುಕೊಂಡು ಬೆಟ್ಟಕ್ಕೆ ಬರುವವರಲ್ಲಿ ನನ್ನ ಕೇಳಿಕೆ ಇಷ್ಟೇ. ಎಸಿ ಜೀಪು ಬೇಡ, ಕೆಫೆ ಬೇಡ, ಸ್ಪೆಷಲ್ ಪಾಸು ಬೇಡ. ಬುಡದಲ್ಲಿ ಸಾಲು ನಿಲ್ಲುವ ಉದ್ದಕ್ಕೂ ನೆರಳು ಇರಲಿ. ಕುಡಿಯುವ ನೀರು ಇರಲಿ. ಹೆಂಗಸರು ಮೂಗು ಮುಚ್ಚಿಕೊಳ್ಳದೆ ಹೋಗಬಹುದಾದ ಶೌಚಾಲಯ ಇರಲಿ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಕನ್ನಡದಲ್ಲೂ ಮಲಯಾಳದಲ್ಲೂ ಒಂದು ಬೋರ್ಡು ಬರೆಸಿ. ಶ್ರಾವಣದ ಶನಿವಾರಗಳಲ್ಲಿ ಇನ್ನೆರಡು ಬಸ್ಸು ಜಾಸ್ತಿ ಬಿಡಿ, ಈಗ ಓಡುತ್ತಿರುವಂಥದೇ.