ಮಾಳಿಗೆ ಮನೆಗಳ ಕಡೆಗೂ ನೋಡಿ



1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ಭೂಕಂಪದಲ್ಲಿ ಸಾವಿರಾರು ಜನ ಸತ್ತರು. ಅಂದಿನ ಭೂಕಂಪ ವಲಯಗಳ ನಕ್ಷೆಯಲ್ಲಿ ಆ ಊರು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು! ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ನಮ್ಮ ಇಟ್ಟಿಗಿಯ ಹಳೇ ಮನೆಗಳೂ ಇದೇ ಬಗೆಯವು. ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮತ್ತಷ್ಟು ಮಣ್ಣು ಹಾಕುತ್ತೇವೆ. ನಮ್ಮ ಕಡೆ ಭೂಕಂಪ ಆಗದು ಎನ್ನುವಂತಿಲ್ಲ: 1843ರಲ್ಲಿ ಬಳ್ಳಾರಿಯಲ್ಲೇ ಭೂಮಿ ನಡುಗಿದ್ದು ದಾಖಲೆಯಲ್ಲಿದೆ.

ಮನೆಯಷ್ಟೇ ಅಲ್ಲ, ಅದರ ಕೆಳಗಿನ ನೆಲವೂ ಮುಖ್ಯ. ಒಂದೇ ಕಂಪನ ಬಂಡೆಯ ಮೇಲೆ ಒಂದು ಥರ, ಮೆತ್ತನೆ ಮಣ್ಣಿನ ಮೇಲೆ ಇನ್ನೊಂದು ಥರ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಬೆಂಗಳೂರಿನ ಮಣ್ಣಿನ ಪದರ ಅಳೆದು ಎಲ್ಲಿ ಕಂಪನ ಹೇಗಿರುತ್ತದೆ ಎಂದು ತೋರಿಸುವ ನಕ್ಷೆ ಮಾಡಿದ್ದಾರೆ. ತುಂಗಭದ್ರೆಯ ದಂಡೆಯ ಹಡಗಲಿ ಸೀಮೆಗೂ ಅದು ಬೇಕು. ಅಲ್ಲಿಯವರೆಗೆ, ಮನೆ ಮಂಜೂರು ಮಾಡುವಾಗ ಪಂಚಾಯ್ತಿಯವರು ಲಿಂಟಲ್ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸಲಿ.

– ಓದುಗ, ಇಟ್ಟಿಗಿ, ಹೂವಿನಹಡಗಲಿ ತಾಲ್ಲೂಕು