ಟವರ್ ಸತ್ತ ರಾತ್ರಿ ಸುದ್ದಿ ತರುವವರು ಯಾರು?

ನೇತ್ರಾವತಿ ಏರುವ ದಿನಗಳಲ್ಲಿ ನಮ್ಮ ಕಡೆ ಮೊದಲು ಹೋಗುವುದು ಕರೆಂಟ್. ಕರೆಂಟ್ ಹೋದ ಮೇಲೆ ಟವರಿನ ಬ್ಯಾಟರಿ ಇದ್ದಷ್ಟು ಹೊತ್ತು ಮೊಬೈಲ್ ನಡೆಯುತ್ತದೆ. ಆ ಬ್ಯಾಟರಿಯೂ ಮುಗಿದರೆ, ಅಥವಾ ಮರ ಬಿದ್ದು ಕೇಬಲ್ ತುಂಡಾದರೆ ಮುಗಿಯಿತು. ಸಾವಿರಾರು ರೂಪಾಯಿಯ ಫೋನು ಬರೀ ಟಾರ್ಚ್ ಆಗುತ್ತದೆ. 1974ರ ನೆರೆಯನ್ನು ಕಣ್ಣಾರೆ ಕಂಡ ಹಿರಿಯರು ಬಂಟ್ವಾಳ, ಪಾಣೆಮಂಗಳೂರು ಕಡೆ ಈಗಲೂ ಇದ್ದಾರೆ. ಆಗ ಮನೆಮನೆಗೆ ಫೋನ್ ಇರಲಿಲ್ಲ, ಹಾಗಾಗಿ ಅದನ್ನು ನಂಬಿ ಯಾರೂ ಕೂತಿರಲಿಲ್ಲ. ಇವತ್ತು ನಾವು ಅದನ್ನೇ ನಂಬಿ ಕೂತಿದ್ದೇವೆ.

ಕೆಲವು ವರ್ಷಗಳ ಹಿಂದೆ ಅಂಥದ್ದೇ ಒಂದು ರಾತ್ರಿ ನಮ್ಮ ಮದ್ರಸದ ಬಾಗಿಲು ತೆರೆದು ತಗ್ಗಿನ ಮನೆಗಳವರನ್ನು ಕರೆದು ಕೂರಿಸಿದ್ದೆವು. ನೆಟ್‌ವರ್ಕ್ ಹೋಗುವ ಸ್ವಲ್ಪ ಮೊದಲು ಯಾರೋ ಕಳಿಸಿದ ವಾಯ್ಸ್ ಮೆಸೇಜ್ ಒಂದು ಎಲ್ಲರ ಫೋನಿಗೂ ಬಂದಿತ್ತು. ಹೊಳೆಯ ಆಚೆ ಬದಿ ಸೇತುವೆ ಹೋಗಿದೆ, ಜನ ಕೊಚ್ಚಿ ಹೋಗಿದ್ದಾರೆ ಅಂತ. ಅಲ್ಲಿ ಮಗಳನ್ನು ಕೊಟ್ಟಿದ್ದ ಒಬ್ಬ ಉಮ್ಮ ಅದನ್ನು ಕೇಳಿ ಕುಸಿದು ಕೂತರು. ನಾವು ಇಬ್ಬರು ಹುಡುಗರನ್ನು ಸುತ್ತುದಾರಿಯಲ್ಲಿ ನಡೆಸಿ ಕಳಿಸಿದೆವು. ಎರಡು ಗಂಟೆ ಕಳೆದು ಅವರು ಒದ್ದೆಯಾಗಿ ತಿರುಗಿ ಬಂದು ಹೇಳಿದರು: ಸೇತುವೆ ಇದೆ, ಎಲ್ಲರೂ ಶಾಲೆಯಲ್ಲಿದ್ದಾರೆ, ಯಾರಿಗೂ ಏನೂ ಆಗಿಲ್ಲ. ಅಲ್‌ಹಮ್ದುಲಿಲ್ಲಾಹ್ ಅಂದೆವು. ಆದರೆ ಆ ಎರಡು ಗಂಟೆ ಆ ತಾಯಿ ಅನುಭವಿಸಿದ್ದು ಸಣ್ಣದಲ್ಲ. ಆ ಕತ್ತಲೆಯಲ್ಲಿ ಹೋದ ಇಬ್ಬರು ಹುಡುಗರಿಗೆ ಏನಾದರೂ ಆಗಿದ್ದರೆ? ಅದನ್ನು ನೆನೆದರೆ ಈಗಲೂ ನಮಗೆ ನಿದ್ದೆ ಬರುವುದಿಲ್ಲ.

ಆ ರಾತ್ರಿ ನಮ್ಮಲ್ಲಿ ಅಕ್ಕಿ ಇತ್ತು, ಚಾಪೆ ಇತ್ತು, ಕೈಕಾಲು ಗಟ್ಟಿ ಇದ್ದ ಯುವಕರಿದ್ದರು. ಇಲ್ಲದ್ದು ಒಂದೇ, ಆಚೆ ಬದಿಯ ಸುದ್ದಿ. ಆಮೇಲೆ ನಾವು ಓದುತ್ತಾ, ತಿಳಿದವರನ್ನು ಕೇಳುತ್ತಾ ಹೋದಾಗ ಸಿಕ್ಕಿದ ಉತ್ತರ ಹ್ಯಾಮ್ ರೇಡಿಯೊ.

ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊ. ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆ ಪರೀಕ್ಷೆ ನಡೆಸಿ, ಪಾಸಾದವರಿಗೆ ಲೈಸೆನ್ಸ್ ಮತ್ತು ಒಂದು ಕರೆಸಂಕೇತ ಕೊಡುತ್ತದೆ. ಇದರಲ್ಲಿ ಒಂದು ಸೆಟ್ಟಿನಿಂದ ಇನ್ನೊಂದು ಸೆಟ್ಟಿಗೆ ಮಾತು ನೇರ ಗಾಳಿಯಲ್ಲೇ ಹೋಗುತ್ತದೆ. ಮೊಬೈಲ್ ಕಂಪೆನಿಯ ಟವರ್ ಬೇಡ, ಸಿಮ್ ಬೇಡ, ರೀಚಾರ್ಜ್ ಬೇಡ. ದೂರ ಹೋಗಬೇಕಾದರೆ ಗುಡ್ಡದ ಮೇಲೆ ರಿಪೀಟರ್ ಇಡುತ್ತಾರೆ. ಅದು ಕೇಳಿದ್ದನ್ನು ಹೆಚ್ಚು ಬಲದಲ್ಲಿ ಮತ್ತೆ ಹೇಳುತ್ತದೆ. ಒಂದು ಕಾರಿನ ಬ್ಯಾಟರಿ ಇದ್ದರೆ ಸೆಟ್ಟು ಎಷ್ಟೋ ಹೊತ್ತು ನಡೆಯುತ್ತದೆ.

ಇದು ಕಾಗದದ ಮೇಲಿನ ಮಾತಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ತಮ್ಮ ತಂಡದ ಜೊತೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಹೋಗಿದ್ದು ಹವ್ಯಾಸಕ್ಕೆ, ದೂರದ ದ್ವೀಪದಿಂದ ಲೋಕದ ಹ್ಯಾಮ್‌ಗಳ ಜೊತೆ ಮಾತನಾಡಲು. ಫೋನ್‌ಗಳು ಸತ್ತ ಆ ದಿನಗಳಲ್ಲಿ ಅದೇ ಸೆಟ್ಟುಗಳಿಂದ ದ್ವೀಪದ ಸುದ್ದಿ ಹೊರಗೆ ಬಂತು, ಕಾಣೆಯಾದವರ ವಿಚಾರಣೆ ಒಳಗೆ ಹೋಯಿತು. ಮೊನ್ನೆ ಮೊನ್ನೆಯ ವಯನಾಡನ್ನೇ ನೋಡಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಹೋದವು. ನಮ್ಮ ಕಡೆಯಿಂದಲೂ ನೆರವು ಹೋಯಿತು. ಸೇನೆಯವರು ಕಟ್ಟಿದ ಬೈಲಿ ಸೇತುವೆಯ ಫೋಟೊ ನಾವೆಲ್ಲ ನೋಡಿದ್ದೇವೆ, ಹಂಚಿಕೊಂಡಿದ್ದೇವೆ. ಆದರೆ ಕಲ್ಪೆಟ್ಟದ ಕಲೆಕ್ಟರೇಟಿನಲ್ಲಿ ಹ್ಯಾಮ್‌ನವರು ಸೆಟ್ಟು ಇಟ್ಟುಕೊಂಡು ಕೂತು ದುರಂತದ ಜಾಗದ ಸುದ್ದಿ ಅಧಿಕಾರಿಗಳಿಗೆ ಮುಟ್ಟಿಸುತ್ತಿದ್ದದ್ದು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ.

ಹಳೆಯ ಕಾಲದ ಹ್ಯಾಮ್ ಅಂದರೆ ಕರಕರ ಸದ್ದಿನ ನಡುವೆ ಕೂಗಿ ಹೇಳುವ ಮಾತು. ಈಗ ಅದಕ್ಕೆ ಡಿಜಿಟಲ್ ಸೇರಿದೆ. ಜಪಾನಿನ ಹವ್ಯಾಸಿಗಳ ಸಂಘ ಮಾಡಿದ ಡಿ-ಸ್ಟಾರ್, ಯುರೋಪಿನಿಂದ ಬಂದ ಡಿಎಂಆರ್ ಮುಂತಾದ ಪದ್ಧತಿಗಳಲ್ಲಿ ನಾವು ಆಡಿದ ಮಾತು ಅಂಕಿಗಳಾಗಿ ಹೋಗಿ ಆಚೆ ಬದಿಯಲ್ಲಿ ಪುನಃ ಮಾತಾಗುತ್ತದೆ. ಕರಕರ ಇಲ್ಲ. ಡಿಎಂಆರ್‌ನಲ್ಲಿ ಒಂದೇ ಚಾನೆಲನ್ನು 30 ಮಿಲಿಸೆಕೆಂಡಿನ ಸಣ್ಣ ಸಣ್ಣ ತುಂಡುಗಳಾಗಿ ಇಬ್ಬಾಗ ಮಾಡುವುದರಿಂದ ಒಂದು ರಿಪೀಟರಿನಲ್ಲಿ ಎರಡು ಮಾತುಕತೆ ಒಟ್ಟಿಗೆ ನಡೆಯುತ್ತದೆ. ಒಂದರಲ್ಲಿ ದೋಣಿಯವರು, ಇನ್ನೊಂದರಲ್ಲಿ ಆಂಬ್ಯುಲೆನ್ಸಿನವರು. ಮಾತನಾಡುವ ಸೆಟ್ಟಿನ ಗುರುತಿನ ನಂಬರೂ ಪರದೆಯಲ್ಲಿ ಕಾಣುತ್ತದೆ.

ಆದರೆ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಮಾತಲ್ಲ, ಬರಹ. ಕಾರಣ ಹೇಳ್ತೇವೆ, ಕೇಳಿ. ಯಾವುದಾದರೂ ಜಮಾಅತಿನ ಪಟ್ಟಿ ತೆಗೆಯಿರಿ. ಅಬ್ದುಲ್ ರಹಿಮಾನ್ ಎಷ್ಟು ಮಂದಿ? ಮುಹಮ್ಮದ್ ಎಷ್ಟು? ಫಾತಿಮಾ, ಆಯಿಶಾ, ಖದೀಜಾ ಎಷ್ಟು? ಊರಲ್ಲಾದರೆ ಮನೆ ಹೆಸರು, ಬಾಪನ ಹೆಸರು ಹೇಳಿ ಗುರುತಿಸುತ್ತೇವೆ. ನಿರಾಶ್ರಿತರ ಶಿಬಿರದಲ್ಲಿ ಇರುವ ಅರವತ್ತು ಮಂದಿಯ ಹೆಸರು, ವಯಸ್ಸು, ಮನೆ, ಯಾರಿಗೆ ಇನ್ಸುಲಿನ್ ಬೇಕು, ಯಾರು ತುಂಬು ಗರ್ಭಿಣಿ ಎಂದು ಒಬ್ಬ ಮಳೆಯ ಸದ್ದಿನಲ್ಲಿ ಓದಿ ಹೇಳಿ, ಇನ್ನೊಬ್ಬ ಕೇಳಿ ಬರೆದುಕೊಳ್ಳುವಾಗ ಒಂದು ಹೆಸರು ತಪ್ಪಿದರೆ ಸಾಕು, ಯಾರದೋ ಮನೆಯಲ್ಲಿ ಸಾವಿನ ಅಳು ಏಳುತ್ತದೆ.

ಅದೇ ಪಟ್ಟಿಯನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ರೇಡಿಯೊ ಮೂಲಕ ಕಳಿಸಬಹುದು. ವಿನ್‌ಲಿಂಕ್ ಎಂಬ ವ್ಯವಸ್ಥೆಯಲ್ಲಿ ಇಮೇಲ್ ರೇಡಿಯೊ ಅಲೆಯಲ್ಲೇ ಹೋಗುತ್ತದೆ, ನೆರೆ ಇಲ್ಲದ ದೂರದ ಊರಿನ ಒಂದು ಹ್ಯಾಮ್ ಕೇಂದ್ರ ಅದನ್ನು ಹಿಡಿದು ಇಂಟರ್ನೆಟ್ಟಿಗೆ ಸೇರಿಸುತ್ತದೆ. ಅಲ್ಲದಿದ್ದರೆ ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿಯೂ ಕಳಿಸಬಹುದು. ದಾರಿಯಲ್ಲಿ ಒಂದು ತುಂಡು ಕೆಟ್ಟರೆ ಯಂತ್ರವೇ ಅದನ್ನು ಗುರುತಿಸಿ ಮತ್ತೆ ಕೇಳುತ್ತದೆ. ತಡವಾದೀತು, ಆದರೆ ಬಂದದ್ದು ಕಳಿಸಿದಂತೆಯೇ ಬರುತ್ತದೆ. ಎಪಿಆರ್‌ಎಸ್ ಎಂಬ ಇನ್ನೊಂದು ಪದ್ಧತಿ ದೋಣಿ ಎಲ್ಲಿದೆ, ಗಾಡಿ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುತ್ತದೆ, ಸಣ್ಣ ಸಂದೇಶವನ್ನೂ ಒಯ್ಯುತ್ತದೆ.

ಸುಲೈಮಾನ್ ನಬಿಯವರ ಹುದ್‌ಹುದ್ ಹಕ್ಕಿಯ ಕಥೆ ನಮ್ಮ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ತಡವಾಗಿ ಬಂದ ಆ ಹಕ್ಕಿಗೆ ಶಿಕ್ಷೆ ಕಾದಿತ್ತು. ಉಳಿಸಿದ್ದು ಅದು ಸಬಾ ನಾಡಿನಿಂದ ತಂದ ಖಚಿತ ಸುದ್ದಿ. ಆ ಸುದ್ದಿಯನ್ನೂ ನಬಿಯವರು ಕೂಡಲೇ ಒಪ್ಪಲಿಲ್ಲ, ಪರೀಕ್ಷೆ ಮಾಡಿದರು. ಬಂದ ಸುದ್ದಿಯನ್ನು ವಿಚಾರಿಸದೆ ನಂಬಬೇಡಿ ಎಂಬ ಪಾಠ ಸೂರಃ ಅಲ್ ಹುಜುರಾತ್‌ನಲ್ಲೂ ಇದೆ. ಸುದ್ದಿ ಒಂದು ಅಮಾನತ್. ವಾಯ್ಸ್ ಮೆಸೇಜನ್ನು ಕಣ್ಣುಮುಚ್ಚಿ ಫಾರ್ವರ್ಡ್ ಮಾಡುವ ನಮ್ಮ ಬೆರಳುಗಳಿಗೆ ಈ ಪಾಠ ಇನ್ನೂ ಮುಟ್ಟಿಲ್ಲ. ಹ್ಯಾಮ್‌ನಲ್ಲಿ ಹಾಗಲ್ಲ. ಯಾರು ಹೇಳಿದರು, ಎಷ್ಟು ಗಂಟೆಗೆ, ಯಾರಿಗೆ ಎಂದು ಬರೆದಿಡುವುದನ್ನು ಮೊದಲೇ ಕಲಿಸುತ್ತಾರೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಡಿಜಿಟಲ್ ಅಂದ ಕೂಡಲೇ ಮರುಳಾಗಬಾರದು. ಮನೆಯಲ್ಲಿ ಹಾಟ್‌ಸ್ಪಾಟ್ ಎಂಬ ಸಣ್ಣ ಪೆಟ್ಟಿಗೆ ಇಟ್ಟು, ಕೈಯಲ್ಲಿ ಡಿಎಂಆರ್ ಸೆಟ್ಟು ಹಿಡಿದು ಬೇರೆ ದೇಶದವರ ಜೊತೆ ಮಾತನಾಡುವವರಿದ್ದಾರೆ. ಚಂದ ಉಂಟು. ಆದರೆ ಆ ಮಾತು ಪೆಟ್ಟಿಗೆಯಿಂದ ಆಚೆಗೆ ಹೋಗುವುದು ಇಂಟರ್ನೆಟ್ಟಿನಲ್ಲೇ. ಇಂಟರ್ನೆಟ್ ಹೋದ ರಾತ್ರಿ ಅದು ಆಟಿಕೆ. ನೆರೆಗೆ ಬೇಕಾದದ್ದು ಬ್ಯಾಟರಿಯಲ್ಲಿ ನಡೆಯುವ, ಗುಡ್ಡದ ಮೇಲಿನ, ಇಂಟರ್ನೆಟ್ ಇಲ್ಲದೆಯೂ ಬದುಕುವ ರಿಪೀಟರ್. ಇನ್ನೊಂದು, ಡಿಜಿಟಲ್ ಮಾತು ಸಿಗ್ನಲ್ ಇದ್ದಷ್ಟು ಹೊತ್ತು ಸ್ಪಷ್ಟ, ಸಿಗ್ನಲ್ ಸೋತರೆ ಪೂರ್ತಿ ಮೌನ. ಹಳೆಯ ಪದ್ಧತಿಯಲ್ಲಾದರೆ ಕರಕರದ ನಡುವೆಯೂ ಕಿವಿಕೊಟ್ಟು ಅರ್ಥ ಮಾಡಿಕೊಳ್ಳಬಹುದು. ಹಾಗಾಗಿ ತಿಳಿದವರು ಎರಡನ್ನೂ ಇಟ್ಟುಕೊಳ್ಳುತ್ತಾರೆ.

ಗಲ್ಫಿನಲ್ಲಿ ಮಕ್ಕಳಿರುವ ಮನೆಯವರಿಗೆ ಒಂದು ಸಂಗತಿ. ಕತಾರಿನ ಎಸ್‌ಹೈಲ್-2 ಉಪಗ್ರಹ 2018ರ ನವೆಂಬರಿನಲ್ಲಿ ಮೇಲೆ ಹೋಯಿತು. ಅದರಲ್ಲಿ ಹ್ಯಾಮ್‌ಗಳಿಗೆಂದೇ ಒಂದು ಭಾಗ ಇದೆ. ಭೂಮಿಯಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಉಪಗ್ರಹದಲ್ಲಿ ಹ್ಯಾಮ್‌ಗಳಿಗೆ ಸಿಕ್ಕಿದ ಮೊದಲ ಜಾಗ ಅದು. ಅದರ ವ್ಯಾಪ್ತಿಯಲ್ಲಿ ನಮ್ಮ ದೇಶವೂ ಬರುತ್ತದೆ. ನಮ್ಮ ಎಷ್ಟೋ ಮಂದಿ ಬೆವರು ಸುರಿಸುವ ದೇಶ ಇಂಥದ್ದಕ್ಕೆ ಜಾಗ ಕೊಟ್ಟಿದೆ. ಆದರೆ ಇದು ಗಲ್ಫಿಗೆ ಪುಕ್ಕಟೆ ಫೋನ್ ಅಂತ ಯಾರೂ ಭಾವಿಸಬೇಡಿ. ಹ್ಯಾಮ್‌ನಲ್ಲಿ ವ್ಯಾಪಾರದ ಮಾತಿಲ್ಲ, ಬೇರೆಯವರ ಮನೆ ಸಂದೇಶ ಸಾಗಿಸುವ ಹಾಗಿಲ್ಲ. ವಿಪತ್ತಿನಲ್ಲಿ ಫೋನ್ ವ್ಯವಸ್ಥೆ ಕುಸಿದಾಗ ಮಾತ್ರ ಅನ್ಯರ ಸಂದೇಶಕ್ಕೆ ಅವಕಾಶ. ಅದೂ ಜಿಲ್ಲಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟವರ ವ್ಯವಸ್ಥೆಯೊಳಗೆ. ಶಿಬಿರದ ಸರಿಯಾದ ಪಟ್ಟಿ ಕಂಟ್ರೋಲ್ ರೂಮಿಗೆ ಮುಟ್ಟಿದರೆ, ದಮ್ಮಾಮಿನಿಂದ ಹೆಲ್ಪ್‌ಲೈನಿಗೆ ಫೋನ್ ಮಾಡುವ ಮಗನಿಗೆ ಉತ್ತರ ಸಿಗುತ್ತದೆ. ಅದು ಸಣ್ಣ ಉಪಕಾರವಾ?

ಈಗ ಎಲ್ಲರ ಮನಸ್ಸಿನಲ್ಲಿರುವ, ಯಾರೂ ಬಾಯಿಬಿಟ್ಟು ಹೇಳದ ವಿಷಯಕ್ಕೆ ಬರೋಣ. ನಾವು ಈ ಮಾತನ್ನು ಜಮಾಅತಿನಲ್ಲಿ ಎತ್ತಿದಾಗ ಹಿರಿಯರೊಬ್ಬರು ಕೇಳಿದರು: "ಉಸ್ತಾದ್, ಬ್ಯಾರಿ ಹುಡುಗನ ಕೈಯಲ್ಲಿ ವಯರ್‌ಲೆಸ್ ಕಂಡ್ರೆ ಎಂತ ಆಗ್ತದೆ ಅಂತ ನಿಮಗೆ ಗೊತ್ತುಂಟಾ?" ಗೊತ್ತುಂಟು. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ, ಅದನ್ನು ನಗುವುದಕ್ಕೂ ಆಗುವುದಿಲ್ಲ. ಕರಾವಳಿಯಲ್ಲಿ ಒಂದು ಸಣ್ಣ ಸಂಶಯ ಹುಡುಗನ ಇಡೀ ಬದುಕನ್ನು ಹಾಳು ಮಾಡಬಹುದು.

ಆದರೆ ಭಯಕ್ಕೆ ಉತ್ತರ ದೂರ ಉಳಿಯುವುದಲ್ಲ, ಕಾಗದ. ಲೈಸೆನ್ಸ್ ಕೊಡುವುದು ಸರಕಾರ, ಅದೂ ಅರ್ಜಿದಾರನ ಹಿನ್ನೆಲೆ ನೋಡಿದ ಮೇಲೆ. ಹ್ಯಾಮ್‌ನಲ್ಲಿ ಗುಟ್ಟಿನ ಭಾಷೆಗೆ ಅವಕಾಶ ಇಲ್ಲ. ಆಡಿದ್ದನ್ನು ಪೊಲೀಸರೂ ಕೇಳಬಹುದು, ಬೇರೆ ಹ್ಯಾಮ್‌ಗಳೂ ಕೇಳಬಹುದು. ಪ್ರತಿ ಮಾತುಕತೆಯಲ್ಲಿ ತನ್ನ ಕರೆಸಂಕೇತ ಹೇಳಲೇಬೇಕು. ಇಷ್ಟು ತೆರೆದ ಹವ್ಯಾಸ ಬೇರೆ ಯಾವುದಿದೆ? ಹಾಗಂತ ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳುತ್ತೇವೆ: ಲೈಸೆನ್ಸ್ ಬರುವ ಮೊದಲು ಆನ್‌ಲೈನಿನಲ್ಲಿ ಅಗ್ಗದ ಸೆಟ್ಟು ತರಿಸಿ ಆಟ ಆಡಬೇಡಿ, ಅದು ಅಪರಾಧ. ಡಿಜಿಟಲ್ ಸೆಟ್ಟುಗಳಲ್ಲಿ ಮಾತನ್ನು ಗುಪ್ತವಾಗಿಸುವ ಸೌಲಭ್ಯ ಇರುತ್ತದೆ, ಅದನ್ನು ಮುಟ್ಟಲೇಬೇಡಿ. ಮಿನಾರ ಎತ್ತರ ಇದೆ ಅಂತ ನಾವಾಗಿ ಆಂಟೆನಾ ಕಟ್ಟುವುದೂ ಬೇಡ, ಎಲ್ಲ ಕೇಳಿಯೇ ಮಾಡೋಣ.

ಪರೀಕ್ಷೆಗೆ ಹೆದರಬೇಕಿಲ್ಲ. 12 ವರ್ಷ ತುಂಬಿದ ಯಾರೂ ಬರೆಯಬಹುದು. ಕೆಳಗಿನ ದರ್ಜೆಗೆ ಮೋರ್ಸ್ ಕೋಡ್ ಬೇಡ. ಸ್ವಲ್ಪ ವಿದ್ಯುತ್, ಸ್ವಲ್ಪ ಎಲೆಕ್ಟ್ರಾನಿಕ್ಸ್, ರೇಡಿಯೊ ನಿಯಮ ಓದಿದರೆ ಸಾಕು. ಪಿಯುಸಿ ಸೈನ್ಸ್ ಓದುವ ಮಕ್ಕಳಿಗೆ ಅದು ದೊಡ್ಡದಲ್ಲ. ಮಂಗಳೂರಿನಲ್ಲಿ ಹ್ಯಾಮ್ ಕ್ಲಬ್ ಇದೆ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ತರಬೇತಿ ಕೊಡುತ್ತದೆ. ಸಾಧಾರಣ ಹ್ಯಾಂಡ್‌ಸೆಟ್ಟಿನ ಬೆಲೆ ಒಂದು ಒಳ್ಳೆಯ ಮೊಬೈಲಿಗಿಂತ ಕಡಿಮೆ. ಡಿಜಿಟಲ್ ಸೆಟ್ಟಿಗೆ ಹೆಚ್ಚು ಬೀಳುತ್ತದೆ, ಅದನ್ನು ಆಮೇಲೆ ನೋಡಿಕೊಳ್ಳಬಹುದು.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿ ಹೇಳುತ್ತೇವೆ. ಅಂಡಮಾನಿನಲ್ಲಿ ಆ ಕೆಲಸ ಮಾಡಿದ್ದು ಒಬ್ಬ ಮಹಿಳೆ. ನೆರೆಯಲ್ಲಿ ದೋಣಿ ಹತ್ತುವುದು ಎಲ್ಲರಿಂದಲೂ ಆಗದು. ಆದರೆ ಸೆಟ್ಟಿನ ಮುಂದೆ ಕೂತು, ಯಾರು ಯಾವಾಗ ಮಾತನಾಡಬೇಕು ಎಂದು ನಡೆಸಿಕೊಡುವುದು, ಪಟ್ಟಿ ಟೈಪ್ ಮಾಡಿ ಕಳಿಸುವುದು ಮನೆಯಿಂದಲೇ ಆಗುವ ಕೆಲಸ. ಶಿಬಿರದಲ್ಲಿರುವ ಹೆಂಗಸರ ಕಷ್ಟ ಕೇಳಿ ಬರೆಯುವುದಕ್ಕೆ ಅವರಿಗಿಂತ ಯೋಗ್ಯರು ಬೇರೆ ಯಾರು? ನಮ್ಮ ಮದ್ರಸದಲ್ಲಿ ತಜ್‌ವೀದ್ ಕಲಿತು ಒಂದು ಅಕ್ಷರದ ಉಚ್ಚಾರ ತಪ್ಪಿದರೂ ತಿದ್ದುವ ಹೆಣ್ಣುಮಕ್ಕಳಿದ್ದಾರೆ. ರೇಡಿಯೊಗೆ ಬೇಕಾದದ್ದು ಅಂಥದ್ದೇ ಕಿವಿ.

ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ಜಮಾಅತ್ ಇಬ್ಬರನ್ನು, ಒಬ್ಬ ಹುಡುಗ, ಒಬ್ಬಳು ಹುಡುಗಿ, ಈ ಪರೀಕ್ಷೆಗೆ ಕಳಿಸಲಿ. ಪುಸ್ತಕ, ಫೀಸು, ಮೊದಲ ಸೆಟ್ಟಿನ ಖರ್ಚು ಜಮಾಅತ್ ವಹಿಸಲಿ. ನಬಿದಿನದ ಲೈಟಿಂಗಿನ ಖರ್ಚಿನಲ್ಲಿ ಒಂದು ಪಾಲು ಸಾಕು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಹತ್ತಿರದ ಇಗರ್ಜಿಯ ಯುವಕರನ್ನು, ಯುವಕ ಮಂಡಲದವರನ್ನು ಕರೆದು ಒಟ್ಟಿಗೆ ಕಲಿಯಲಿ, ಹೊಳೆಗೆ ಯಾರ ಮನೆ ಯಾವ ಧರ್ಮದ್ದು ಎಂಬ ಭೇದ ಇಲ್ಲ. ಲೈಸೆನ್ಸ್ ಬಂದ ಮೇಲೆ ಮಳೆಗಾಲಕ್ಕೆ ಮೊದಲೇ ಡಿಸಿ ಕಚೇರಿಗೆ ಹೋಗಿ, ನಾವು ಇಷ್ಟು ಮಂದಿ ಇದ್ದೇವೆ, ನಮ್ಮ ಕರೆಸಂಕೇತ ಇವು, ಬೇಕಾದಾಗ ಕರೆಯಿರಿ ಎಂದು ಬರೆದು ಕೊಡಲಿ. ತಿಂಗಳಿಗೊಂದು ದಿನ ಮೊಬೈಲ್ ಬದಿಗಿಟ್ಟು, ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿಯಲ್ಲೇ ಒಂದು ಸುಳ್ಳು ಪಟ್ಟಿ ಕಳಿಸಿ ಅಭ್ಯಾಸ ಮಾಡಲಿ. ಅಭ್ಯಾಸ ಇಲ್ಲದ ಸೆಟ್ಟು ನೆರೆಯ ರಾತ್ರಿ ಕಬ್ಬಿಣದ ತುಂಡು.

ಮುಂದಿನ ಶುಕ್ರವಾರ ಜುಮಾ ಮುಗಿದ ಮೇಲೆ ನಿಮ್ಮ ಕಮಿಟಿಯವರನ್ನು ಒಮ್ಮೆ ಕೇಳಿ ನೋಡಿ. ನಮ್ಮ ಜಮಾಅತಿನಿಂದ ಇಬ್ಬರ ಹೆಸರು ಬರೆದಾಗಿದೆ. ಅವರಲ್ಲಿ ಒಬ್ಬ, ಅಂದು ಕತ್ತಲೆಯಲ್ಲಿ ಸುತ್ತುದಾರಿಯಲ್ಲಿ ನಡೆದು ಹೋಗಿ ಬಂದ ಹುಡುಗ.