ಬುರುಡೆಗೆ ಯಂತ್ರ, ಗುಂಡಿಗೆ ಮನುಷ್ಯ

1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೈದ್ಯರು ‘ಪ್ಯೂಮಾ’ ಎಂಬ ಕಾರ್ಖಾನೆ ರೋಬೋವನ್ನು ಮೆದುಳಿನ ಬಯಾಪ್ಸಿಗೆ ಹಚ್ಚಿದರು. 1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಬೆನಾಬಿದ್ ಎಂಬ ವೈದ್ಯರು ಮೆದುಳಿನಾಳಕ್ಕೆ ತಂತಿ ಇಳಿಸಿ, ಕ್ಷಣಕ್ಕೆ ನೂರಕ್ಕೂ ಹೆಚ್ಚು ಸಲ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಕೈನಡುಕ ತಡೆದರು. ಈಗ ಎರಡೂ ವಿದ್ಯೆ ಕೂಡಿವೆ. ಉಕ್ಕಿನ ತೋಳು ಮಿಲಿಮೀಟರಿನ ಲೆಕ್ಕದಲ್ಲಿ ದಾರಿ ತೋರುತ್ತದೆ, ಎದೆಯ ಚರ್ಮದಡಿ ಬ್ಯಾಟರಿ ಕೂರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ತಂತಿ ಚಿಕಿತ್ಸೆ ಉಂಟು.

ಒಳ್ಳೇದೇ. ನಡುಗುವ ಕೈ ಲೋಟ ಹಿಡಿಯುವಂತಾದರೆ ಬೇಡ ಅನ್ನೋರು ಯಾರು? ಯಂತ್ರ ನಮ್ಮ ಶತ್ರುವಲ್ಲ. ಯಂತ್ರವನ್ನು ಹಳಿದ ಗಾಂಧಿವಾದಕ್ಕೆ ಬಾಬಾಸಾಹೇಬರು 1945ರಲ್ಲೇ ಉತ್ತರ ಕೊಟ್ಟಿದ್ದಾರೆ: ತಪ್ಪು ಯಂತ್ರದ್ದಲ್ಲ, ಅದರ ಲಾಭವನ್ನು ಕೆಲವರೇ ನುಂಗುವ ಸಮಾಜ ವ್ಯವಸ್ಥೆಯದು.

ಹಾಗಾದರೆ ನಮ್ಮ ಪ್ರಶ್ನೆ ಒಂದೇ. ಬುರುಡೆಯೊಳಕ್ಕೆ ಇಳಿದ ಯಂತ್ರ ಮ್ಯಾನ್‌ಹೋಲಿಗೆ ಯಾಕ್ರೀ ಇಳಿಯೋದಿಲ್ಲ?

“ಕಟ್ಟಿಕೊಂಡಿರೋದು ಎಲ್ಲಿ ಅಂತ ಯಂತ್ರಕ್ಕೆ ತಿಳಿಯಲ್ಲ, ಮನುಷ್ಯನೇ ಇಳೀಬೇಕು” ಅಂತಾರೆ. ಮೆದುಳಿನ ಕತ್ತಲಲ್ಲಿ ದಾರಿ ಕಂಡ ವಿದ್ಯೆಗೆ ಮೋರಿಯ ಕತ್ತಲು ಹೆಚ್ಚಾಯಿತೆ? ಕೇರಳದ ಯುವ ಎಂಜಿನಿಯರುಗಳು 2018ರಲ್ಲೇ ‘ಬ್ಯಾಂಡಿಕೂಟ್’ ಎಂಬ ರೋಬೋವನ್ನು ತಿರುವನಂತಪುರದ ಮ್ಯಾನ್‌ಹೋಲಿಗೆ ಇಳಿಸಿ ತೋರಿಸಿದರು. ಇಲ್ಲದ್ದು ವಿದ್ಯೆಯಲ್ಲ ಗೆಳೆಯರೆ, ಮನಸ್ಸು.

ತಲೆಯ ಮೇಲಿನ ಮಲದ ಬುಟ್ಟಿಯನ್ನು ಮಂತ್ರಿ ಬಸವಲಿಂಗಪ್ಪನವರು 1970ರ ದಶಕದಲ್ಲೇ ನಿಷೇಧಿಸಿದರು. 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಸಾವಿನ ಬೆಲೆ ಏರಿತು. ಇಳಿಯುವವರ ಜಾತಿ ಬದಲಾಗಲಿಲ್ಲ.

ಯಂತ್ರ ಮೊದಲು ಹೋಗುವುದು ಜೀವಕ್ಕೆ ಬೆಲೆಯಿರುವ ಕಡೆಗೆ. ಗುತ್ತಿಗೆದಾರನ ಲೆಕ್ಕದಲ್ಲಿ ಯಂತ್ರ ದುಬಾರಿ, ನಮ್ಮವರ ಮೈ ಅಗ್ಗ. ಆ ಮೈಯನ್ನು ಅಗ್ಗ ಮಾಡಿದ್ದು ಮಾರುಕಟ್ಟೆಯೊಂದೇ ಅಲ್ಲ, ಜಾತಿ.

ಇನ್ನೊಂದು ಎಚ್ಚರ. ಯಂತ್ರ ಬಂತು ಅಂತ ನಮ್ಮವರನ್ನು ಮನೆಗೆ ಕಳಿಸಬಾರದು. ಗುಂಡಿಗೆ ಇಳಿದವನ ಕೈಗೇ ಆ ಯಂತ್ರದ ಗುಂಡಿ ಸಿಗಬೇಕು. ತರಬೇತಿ, ಕಾಯಂ ಸಂಬಳ ಸಮೇತ.

ಮೇಷ್ಟ್ರೇ, ಮಕ್ಕಳಿಗೆ ರೋಬೋ ಪಾಠ ಮಾಡುವಾಗ ಇದನ್ನೂ ಹೇಳಿ. ವಿದ್ಯಾರ್ಥಿ ಗೆಳೆಯರೆ, ನಾಳೆಯೇ ನಿಮ್ಮ ಪುರಸಭೆಗೆ ಹೋಗಿ ಕೇಳಿ: ಯಂತ್ರ ಎಷ್ಟಿವೆ? ಗುತ್ತಿಗೆ ಯಾರದು? ಇಳಿಯೋರು ಯಾರು? ಉತ್ತರ ಬರೋವರೆಗೂ ಅಲ್ಲಿಂದ ಏಳಬೇಡಿ.